ಹಾಗಲವಾಡಿಗೆ ಹಿಮದ ಟೈರು

ಟೈರು ಆರಿಸುವುದು ಎಂಥ ಮಹಾ ವಿದ್ಯೆ? ದುಂಡಗಿರಬೇಕು, ಕಪ್ಪಗಿರಬೇಕು, ಗಾಳಿ ನಿಲ್ಲಬೇಕು. ಅಷ್ಟೇ! ಅದರಲ್ಲೂ ನಾನು ತುಮಕೂರಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ. ಎಂಟನೆಯ ತರಗತಿಯ ಘರ್ಷಣೆಯ ಪಾಠವನ್ನು ಪುಸ್ತಕ ತೆರೆಯದೆ ಹೇಳಬಲ್ಲವಳು. ಚಕ್ರಕ್ಕೂ ನೆಲಕ್ಕೂ ಇರುವ ಸಂಬಂಧದ ಬಗ್ಗೆ ಬೇರೆಯವರು ನನಗೆ ಹೇಳಿಕೊಡಬೇಕಾದದ್ದು ಏನೂ ಉಳಿದಿಲ್ಲ ಎಂಬ ದೃಢ ವಿಶ್ವಾಸ ನನಗಿತ್ತು.

ಕಾರು ನನ್ನದು. ಓಡಿಸುವವಳೂ ನಾನೇ. ನಮ್ಮ ಯಜಮಾನರು ನಾಗರಾಜು ಸ್ಕೂಟರ್ ಬಿಟ್ಟು ಮುಂದೆ ಹೋದವರಲ್ಲ. ಆದರೂ ಪೆಟ್ರೋಲ್ ಬಂಕಿನವನು ಪಕ್ಕದ ಸೀಟಿನ ಕಡೆ ಬಗ್ಗಿ, "ಎಷ್ಟಕ್ಕೆ ಹಾಕ್ಲಿ ಸಾರ್?" ಎಂದು ಅವರನ್ನೇ ಕೇಳುತ್ತಾನೆ. ಅವರು ನನ್ನ ಮುಖ ನೋಡುತ್ತಾರೆ. ನಾನು ಹೇಳುತ್ತೇನೆ. ಬಂಕಿನವನು ಅವರಿಗೆ ಥ್ಯಾಂಕ್ಸ್ ಹೇಳುತ್ತಾನೆ!

ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದೆ ಗಂಟಲಲ್ಲೇ ಉಳಿದದ್ದು ಅವ್ವನ ವಿಷಯ. ಕುಣಿಗಲ್‌ನಲ್ಲಿ ತಮ್ಮನ ಸಂಸಾರದ ಜೊತೆ ಇರುವ ನಮ್ಮವ್ವ, ನಾನು ಕಾರು ತೆಗೆದುಕೊಂಡು ಮೂರು ವರ್ಷವಾಗಿದ್ದರೂ ಒಂದೇ ಒಂದು ದಿನ ಅದರೊಳಗೆ ಕೂತಿರಲಿಲ್ಲ. ಅವಳು ಎಲ್ಲಿಗೆ ಹೋಗಬೇಕಾದರೂ ಪುಟ್ಟಸ್ವಾಮಿ ಭಾವನ ಕಾರೇ ಬರಬೇಕು. ಭಾವ ಎಂದರೆ ನಮ್ಮ ಜಯಕ್ಕನ ಗಂಡ. ಗುಬ್ಬಿಯಲ್ಲಿ ಮನೆ, ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಉಗ್ರಾಣದ ಕೆಲಸ. ಅವರು ಹೆಲಿಕಾಪ್ಟರ್ ಹಾರಿಸಿದವರಲ್ಲ, ಅದರೊಳಗೆ ಕೂತವರೂ ಅಲ್ಲ. ಆದರೂ ನಮ್ಮ ಬಳಗದಲ್ಲಿ ಅವರು "ಹೆಲಿಕಾಪ್ಟರ್ ಅಳಿಯಂದ್ರು". ಅವರದೂ ನನ್ನದೂ ಒಂದೇ ಕಂಪನಿಯ ಒಂದೇ ಥರದ ಕಾರು. ಬಣ್ಣ ಮಾತ್ರ ಬೇರೆ.

"ಹೆಣ್ಮಗ್ಳು ಓಡ್ಸೋ ಕಾರಲ್ಲಿ ಕೂತ್ರೆ ನನ್ ಜೀವ ಕೈಲಿರ್ತದೆ ಕಣೇ ಮಂಜುಳಾ. ಮಳೇಲಿ ಜಾರ್‌ಬುಟ್ರೆ?" ಎನ್ನುತ್ತಿದ್ದಳು ಅವ್ವ.

"ಭಾವನ ಕಾರು ಜಾರಲ್ವೇನವ್ವ?"

"ಅವ್ರು ಗಂಡಸ್ರು ಬುಡು."

ಘರ್ಷಣೆಯ ಪಾಠದಲ್ಲಿ ಗಂಡಸು ಹೆಂಗಸು ಎಂಬ ಎರಡು ವಿಧಗಳಿಲ್ಲ. ಆದರೆ ಅವ್ವನಿಗೆ ಅದನ್ನು ಹೇಳುವವರು ಯಾರು? ನನಗೆ ಹೊಟ್ಟೆ ಉರಿಯುತ್ತಿತ್ತು. ಅವ್ವನ ಮಾತು ಕೇಳಿ ಭಾವ ಮೀಸೆಯಲ್ಲೇ ನಗುತ್ತಿದ್ದದ್ದು ಕಂಡರೆ ಇನ್ನಷ್ಟು ಉರಿಯುತ್ತಿತ್ತು.

ನನ್ನ ಚಾಲನಾ ಚರಿತ್ರೆಯಲ್ಲಿ ಕಪ್ಪುಚುಕ್ಕೆಯೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಇದೆ. ಆದರೆ ಅದು ಹಸಿರು ಬಣ್ಣದ್ದು. ಕಾರು ತಂದ ಹೊಸದರಲ್ಲಿ ನಮ್ಮ ಮನೆಯ ಗೇಟಿಗೆ ಗಿಳಿಹಸಿರು ಪೇಂಟ್ ಹೊಡೆಸಿದ್ದೆವು. ಅದು ಒಣಗುವ ಮೊದಲೇ ನಾನು ಕಾರು ಒಳಗೆ ತಂದೆ. ಎಡಗಡೆಯ ಹಿಂದಿನ ಚಕ್ರ ಗೇಟಿಗೆ ಉಜ್ಜಿ, ಚಕ್ರದ ಕ್ಯಾಪಿನ ಮೇಲೂ ಟೈರಿನ ರಬ್ಬರಿನ ಮೇಲೂ ಒಂದೇ ಗೆರೆಯಾಗಿ ಹಸಿರು ಬಳಿದುಕೊಂಡಿತು. ಸೀಮೆಎಣ್ಣೆ ಹಾಕಿ ತಿಕ್ಕಿದೆ. ಥಿನ್ನರ್ ಹಾಕಿ ತಿಕ್ಕಿದೆ. ಕ್ಯಾಪ್ ಸವೆಯಿತೇ ಹೊರತು ಹಸಿರು ಹೋಗಲಿಲ್ಲ. ನನಗೂ ಎಡಗಡೆಗೂ ಅಂದಿನಿಂದಲೇ ಆಗಿಬರುವುದಿಲ್ಲ.

ಹೀಗಿರುವಾಗ ಅವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕಣ್ಣು ಚೆನ್ನಾಗಿ ಕಂಡರೆ ವಿಜಯದಶಮಿಯ ದಿನ ಹಾಗಲವಾಡಿ ಕಡೆ ಇರುವ ನಮ್ಮ ಮನೆದೇವರಿಗೆ ಮಡಿಲಕ್ಕಿ ಕೊಡುತ್ತೇನೆ ಎಂದು ಅವಳು ಹರಕೆ ಹೊತ್ತಿದ್ದಳು. ಮಧ್ಯಾಹ್ನದ ಮಂಗಳಾರತಿಗೆ ಮುಂಚೆ ಮಡಿಲಕ್ಕಿ ಒಪ್ಪಿಸಬೇಕು. ಕುಣಿಗಲ್‌ನ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಮಾತು ಬಂತು. ನಾನು ಥಟ್ಟನೆ, "ಈ ಸಲ ಅವ್ವನ್ನ ನಾನು ಕರ್ಕೊಂಡು ಹೋಗ್ತೀನಿ" ಎಂದುಬಿಟ್ಟೆ. ಭಾವ ಎದ್ದು ಹೊರಗೆ ಹೋಗಿ, ನನ್ನ ಕಾರಿನ ಮುಂದಿನ ಟೈರನ್ನು ಚಪ್ಪಲಿ ಕಾಲಲ್ಲಿ ಒದ್ದರು.

"ಗ್ರಿಪ್ಪೇ ಇಲ್ವಲ್ಲ ಮಂಜುಳಾ! ನಮ್ ಫ್ಯಾಕ್ಟರೀಲಿ ಇಂಥವನ್ನ ತಳ್ಳೋ ಗಾಡಿಗೂ ಹಾಕಲ್ಲ."

"ಗ್ರಿಪ್ ಇಲ್ವಂತೆ ಕಣೇ," ಎಂದಳು ಅವ್ವ. ಗ್ರಿಪ್ ಎಂಬ ಪದವನ್ನು ಅವಳು ಕೇಳಿದ್ದೇ ಅಂದು ಮೊದಲು.

"ಹೊಸಾ ಟೈರ್ ಹಾಕ್ಸಿದ್ರೆ ಬರ್ತೀಯಾ?"

ಅವ್ವ ಭಾವನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ಜಾರ್ದಂಗಿರೋದು ಹಾಕ್ಸು. ಬರ್ತೀನಿ."

ಮೂರು ವರ್ಷದಲ್ಲಿ ಮೊದಲ ಸಲ ಅವ್ವನ ಬಾಯಲ್ಲಿ "ಬರ್ತೀನಿ" ಬಂದಿತ್ತು! ನನ್ನ ಹಳೆಯ ಟೈರುಗಳು ಮನೆ, ಶಾಲೆ ಬಿಟ್ಟು ಹೆಚ್ಚು ಓಡಿದವಲ್ಲ. ಇನ್ನೂ ಗಟ್ಟಿಯಾಗಿದ್ದವು. ಆದರೆ ಆಗ ನನಗೆ ಬೇಕಾಗಿದ್ದದ್ದು ಟೈರಲ್ಲ. ಅವ್ವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಭಾವನ ಕಣ್ಣೆದುರೇ ಗುಬ್ಬಿ ಪೇಟೆಯಲ್ಲಿ ಹಾರನ್ ಹೊಡೆದು ಹೋಗುವುದು ಬೇಕಾಗಿತ್ತು. "ಶಿರಾ ಗೇಟ್ ಹತ್ರ ನಮ್ ಪರಿಚಯದೋನ್ ಅಂಗಡಿ ಐತೆ, ನನ್ ಹೆಸ್ರು ಹೇಳು" ಎಂದರು ಭಾವ. ಹೇಳದೇ ಇರಲು ನಿರ್ಧರಿಸಿದೆ. ಆದರೆ ಹೋದದ್ದು ಮಾತ್ರ ಅದೇ ಅಂಗಡಿಗೆ.

ಅಂಗಡಿಯವನು ನನ್ನನ್ನು ದಾಟಿ ನಮ್ಮ ಯಜಮಾನರಿಗೆ ಸ್ಟೂಲ್ ಹಾಕಿದ. "ಹೇಳಿ ಸಾರ್, ಯಾವ ಟೈಪು ಬೇಕು?"

"ಜಾರಬಾರದು," ಎಂದೆ ನಾನು.

"ಸಾರ್, ಜಾರದೇ ಇರೋದು ಬೇಕು ಅಂದ್ರೆ ಒಂದ್ ಸ್ಪೆಷಲ್ ಮಾಲಿದೆ ಸಾರ್," ಎಂದು ಅವನು ಒಳಗಿನಿಂದ ಒಂದು ಟೈರನ್ನು ಮಗುವನ್ನು ಎತ್ತಿ ತರುವ ಹಾಗೆ ತಂದ. ಅಗಲವಾದ ಟೈರು. ಮೈತುಂಬ ಗೆರೆ, ಗೆರೆಯೊಳಗೆ ಸಣ್ಣ ಗೆರೆ. ಪಕ್ಕದಲ್ಲಿ ಒಂದು ಗುಡ್ಡದ ಚಿತ್ರ, ಗುಡ್ಡದೊಳಗೆ ಒಂದು ನಕ್ಷತ್ರದಂಥದ್ದು.

"ಇದೇನಿದು, ರಂಗೋಲಿ?" ಎಂದು ಕೇಳಿದರು ನಮ್ಮವರು.

"ಅದು ಹಿಮ ಸಾರ್! ಫಾರಿನ್‌ನಲ್ಲಿ ಚಳಿಗಾಲಕ್ಕೆ ಅಂತಾನೇ ಬೇರೆ ಟೈರ್ ಹಾಕ್ತಾರೆ. ಐಸ್ ಮೇಲೆ ಓಡೋ ಟೈರ್ ಇದು. ಐಸ್ ಮೇಲೇ ಜಾರಲ್ಲ ಅಂದ್ಮೇಲೆ ಗುಬ್ಬಿ ರೋಡಲ್ಲಿ ಜಾರುತ್ತಾ ಸಾರ್?"

ಎಂಥ ತರ್ಕ! ಇಪ್ಪತ್ತು ವರ್ಷದ ನನ್ನ ಸರ್ವಿಸಿನಲ್ಲಿ ಘರ್ಷಣೆಯನ್ನು ಇಷ್ಟು ಸರಳವಾಗಿ ನಾನೂ ವಿವರಿಸಿರಲಿಲ್ಲ.

"ತುಮಕೂರಲ್ಲಿ ಐಸ್ ಇರೋದು ಕಬ್ಬಿನ ಹಾಲಿನ ಗಾಡೀಲಿ ಮಾತ್ರ ಮಂಜು," ಎಂದರು ನಮ್ಮವರು ಮೆಲ್ಲಗೆ.

"ನಿಮಗೆ ಘರ್ಷಣೆ ಅಂದ್ರೆ ಗೊತ್ತಾ?"

"ಮದುವೆ ಆದಾಗಿಂದ ಗೊತ್ತು," ಎಂದು ಅವರು ಸ್ಟೂಲಿನ ಮೇಲೆ ಕೂತರು.

ಟೈರು ಅಗಲವಿದ್ದದ್ದರಿಂದ ನನ್ನ ಹಳೆಯ ಕಬ್ಬಿಣದ ಚಕ್ರಕ್ಕೆ ಕೂರುವುದಿಲ್ಲ ಎಂದ ಅಂಗಡಿಯವನು. ಹಾಗಾಗಿ ಹೊಳೆಯುವ ಅಲಾಯ್ ವೀಲುಗಳೂ ಬಂದವು. ಹೊಳೆಯುವ ವೀಲು ಬಂದ ಮೇಲೆ ಕಳ್ಳರ ಭಯ ಬಂತು. "ಬೆಳಗ್ಗೆ ಎದ್ದು ನೋಡಿದ್ರೆ ಕಾರು ಇಟ್ಟಿಗೆ ಮೇಲೆ ಕೂತಿರ್ತದೆ ಸಾರ್," ಎಂದು ಅವನು ನಮ್ಮವರನ್ನು ಹೆದರಿಸಿದ. ಹೆದರಿದವಳು ನಾನು. ಅದಕ್ಕೂ ಅವನ ಬಳಿ ಮದ್ದಿತ್ತು. ಬೀಗದ ನಟ್ಟು! ಒಂದೊಂದು ಚಕ್ರಕ್ಕೆ ಒಂದೊಂದು. ಬೇರೆ ಯಾವ ಸ್ಪ್ಯಾನರಿಗೂ ಬಗ್ಗುವುದಿಲ್ಲ. ಹೆಬ್ಬೆರಳಿನಷ್ಟು ದಪ್ಪದ ಒಂದು ಕೀ ಕೊಡುತ್ತಾರೆ, ಅದನ್ನು ತೊಡಿಸಿ ತಿರುಗಿಸಿದರೆ ಮಾತ್ರ ಬಿಚ್ಚಿಕೊಳ್ಳುತ್ತದೆ.

"ಕೀ ಒಂದೇನಾ?" ಎಂದೆ.

"ಒಂದೇ ಸಾರ್. ಎರಡು ಕೊಟ್ರೆ ಒಂದು ಕಳ್ಳನ ಕೈಗೆ ಹೋಗ್ತದಲ್ವಾ?"

ನನ್ನ ಹಳೆಯ ನಾಲ್ಕೂ ಚಕ್ರಗಳನ್ನು ಕ್ಯಾಪಿನ ಸಮೇತ ಅವನೇ ಎಕ್ಸ್‌ಚೇಂಜ್‌ಗೆ ತೆಗೆದುಕೊಂಡ. "ಇವಕ್ಕೆ ಏನೂ ಬರಲ್ಲ, ನಿಮ್ ಮುಖ ನೋಡಿ ತಗೋತೀನಿ" ಎಂದ. ನೋಡಿದ್ದು ನಮ್ಮವರ ಮುಖವನ್ನು. ಬಿಲ್ ಕೊಡುವಾಗ ಮಾತ್ರ ಮೊದಲ ಸಲ ನನ್ನ ಕಡೆ ತಿರುಗಿ, "ಮೇಡಂ, ಫೋನ್‌ಪೇನಾ ಕಾರ್ಡಾ?" ಎಂದ.

ಕಾರು ನೋಡಲು ಭರ್ಜರಿಯಾಗಿತ್ತು. ಚಕ್ರಗಳು ಎರಡೂ ಕಡೆ ಬಾಡಿಯಿಂದ ಆಚೆ ಚಾಚಿಕೊಂಡು, ಕಾರು ಸೊಂಟದ ಮೇಲೆ ಕೈ ಇಟ್ಟು ನಿಂತ ಹಾಗೆ ಕಾಣುತ್ತಿತ್ತು. ಶಿರಾ ಗೇಟ್ ದಾಟುವ ಮೊದಲೇ ಒಂದು ಸದ್ದು ಶುರುವಾಯಿತು. ಗುಂಯ್ ಎಂದು. ವೇಗ ಹೆಚ್ಚಿದಷ್ಟೂ ಸದ್ದು ಹೆಚ್ಚು. "ಹೊಸದರಲ್ಲಿ ಹಾಗೇ" ಎಂದೆ. ನಮ್ಮವರಿಗೆ ಕೇಳಿಸಲಿಲ್ಲ.

ಆಯುಧಪೂಜೆ ಬಂತು. ಬೇರೆ ವರ್ಷ ಕಾರಿಗೊಂದು ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು ಮುಗಿಸುತ್ತಿದ್ದವಳು ಈ ಸಲ ಶಾಸ್ತ್ರೋಕ್ತವಾಗಿ ಮಾಡಲು ಹೊರಟೆ. ಅವ್ವ ಕೂರುವ ಕಾರಲ್ಲವೇ? ಡಿಕ್ಕಿಯಲ್ಲಿದ್ದ ಜಾಕಿ, ಸ್ಪ್ಯಾನರ್, ಬೀಗದ ನಟ್ಟಿನ ಕೀ ಎಲ್ಲವನ್ನೂ ತೊಳೆದು, ದೇವರ ಮನೆಯಲ್ಲಿ ಮಣೆಯ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿದೆ. ಜಾಕಿ ಮದುವೆಗೆ ಹೊರಟ ಹಾಗಿತ್ತು.

ಮರುದಿನ ಬೆಳಗ್ಗೆ ಕುಣಿಗಲ್‌ಗೆ ಹೊರಡುವಾಗ ನಮ್ಮವರು ದೇವರ ಮನೆಗೆ ಇಣುಕಿ, "ಮಂಜು, ಇವನ್ನ ಡಿಕ್ಕಿಗೆ ಹಾಕ್ಲಾ?" ಎಂದರು.

"ಮುಟ್ಟಬೇಡ್ರೀ! ದಶಮಿ ಪೂಜೆ ಆಗೋವರ್ಗೂ ಆಯುಧ ಎತ್ತಬಾರ್ದು. ಸಂಜೆ ಬಂದು ಮಾಡ್ತೀನಿ."

"ದಾರೀಲಿ ಏನಾದ್ರೂ ಆದ್ರೆ?"

"ಐಸ್ ಮೇಲೆ ಓಡೋ ಟೈರ್ ರೀ!"

ವಿಜ್ಞಾನದ ಮೇಡಂ ಹೀಗೆಂದಳು. ನೀವು ಯಾರಿಗೂ ಹೇಳಬೇಡಿ.

ಕುಣಿಗಲ್‌ನಲ್ಲಿ ಅವ್ವ ಮಡಿಲಕ್ಕಿಯ ಚೀಲ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ಕಾರಿನ ಸುತ್ತ ಒಂದು ಸುತ್ತು ಬಂದು, ಪೊರೆ ತೆಗೆಸಿದ ಕಣ್ಣಿನಿಂದ ನಾಲ್ಕೂ ಚಕ್ರ ನೋಡಿದಳು. "ದಪ್ಪಕವೆ," ಎಂದಳು. ಆಮೇಲೆ ಬಲಗಾಲಿಟ್ಟು ಹತ್ತಿ, ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು. ನನ್ನ ಕಣ್ಣು ತುಂಬಿ ಬಂತು. ಸುಳ್ಳೇಕೆ ಹೇಳಲಿ, ಹೊಸ ಕಾರಿನ ಕೀ ಕೈಗೆ ಬಂದ ದಿನವೂ ಅಷ್ಟು ಸಂತೋಷವಾಗಿರಲಿಲ್ಲ. ನಮ್ಮವರು ಹಿಂದಿನ ಸೀಟಿನಲ್ಲಿ ತೆಂಗಿನಕಾಯಿ ಚೀಲದ ಜೊತೆ ಸೇರಿಕೊಂಡರು.

"ಏನೇ ಇದು, ಹಿಟ್ಟಿನ ಮಿಲ್ಲೊಳಗೆ ಕೂತಂಗೈತೆ," ಎಂದು ಅವ್ವ ಸದ್ದಿನ ಬಗ್ಗೆ ಕೂಗಿದಳು.

"ಅದು ಗ್ರಿಪ್ ಕಣವ್ವ!" ಎಂದು ನಾನೂ ಕೂಗಿದೆ.

ಗ್ರಿಪ್ ಎಂದ ಮೇಲೆ ಅವ್ವ ತೃಪ್ತಿಯಿಂದ ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ಡೋರ್ ಹಿಡಿದಿದ್ದ ಕೈಯನ್ನೂ ಸಡಿಲಿಸಿದಳು. ಇನ್ನೊಂದಷ್ಟು ದೂರ ಹೋದ ಮೇಲೆ, "ಚೆಂದಾಗೇ ಓಡಿಸ್ತೀಯ ಕಣೇ" ಎಂದಳು. ಅಲ್ಲಿಗೇ ಕಾರು ನಿಲ್ಲಿಸಿ ಇಳಿದುಬಿಟ್ಟಿದ್ದರೆ ನಾನು ಗೆದ್ದವಳು!

ಗುಬ್ಬಿಯಲ್ಲಿ ಭಾವ, ಜಯಕ್ಕ ಸೇರಿಕೊಳ್ಳಬೇಕಾಗಿತ್ತು. ಅವರ ಮನೆ ಹತ್ತಿರ ಹಾರನ್ ಹೊಡೆದೆ, ನಿಲ್ಲಿಸಲಿಲ್ಲ. "ನೀವು ಹಿಂದೆ ಬನ್ನಿ ಭಾವ!" ಎಂದು ಕಿಟಕಿಯಿಂದ ಕೂಗಿ ಮುಂದೆ ಹೋದೆ. ಮೂರು ವರ್ಷದಿಂದ ಕೂಡಿಟ್ಟುಕೊಂಡಿದ್ದ ವಾಕ್ಯವದು.

ಹಾಗಲವಾಡಿ ಇನ್ನೇನು ಹತ್ತಿರ ಎನ್ನುವಾಗ ಎದುರಿಗೆ ಒಂದು ಟ್ರಾಕ್ಟರ್ ಬಂತು. ಹಬ್ಬಕ್ಕೆ ಎರಡೂ ಕಡೆ ಬಾಳೆಕಂದು ಕಟ್ಟಿಕೊಂಡು, ರಸ್ತೆ ತನ್ನ ಮಾವನದು ಎನ್ನುವ ಹಾಗೆ ನಡುವೆ ಬರುತ್ತಿತ್ತು. ನಾನು ಎಡಕ್ಕೆ ಸರಿದೆ. ಅಲ್ಲೊಂದು ಮೋರಿ. ಮೋರಿಯ ಅಂಚಿಗೆ ಚಪ್ಪಡಿ ಕಲ್ಲು. ನನ್ನ ಹಳೆಯ ಚಕ್ರವಾಗಿದ್ದರೆ ಆ ಕಲ್ಲಿನ ಪಕ್ಕದಲ್ಲಿ ಸಲೀಸಾಗಿ ಹೋಗುತ್ತಿತ್ತು. ಈಗಿನ ಚಕ್ರಗಳು ಆಚೆ ಚಾಚಿಕೊಂಡಿದ್ದವಲ್ಲ? ಪರ್ ಎಂದು ಸದ್ದಾಯಿತು. ಆಮೇಲೆ ಬುಸ್ ಎಂದಿತು. ಕಾರು ಎಡಕ್ಕೆ ವಾಲಿ ನಿಂತಿತು.

ಇಳಿದು ನೋಡಿದೆ. ಟೈರಿನ ಮಗ್ಗುಲು ಒಂದು ಗೇಣು ಸೀಳಿತ್ತು. ಹಿಮದ ಗುಡ್ಡ ಸರಿಯಾಗಿ ನಡುವೆ ಎರಡು ಹೋಳು!

"ಜಾರ್ತಾ?" ಎಂದು ಅವ್ವ ಒಳಗಿನಿಂದ ಕೇಳಿದಳು.

"ಇಲ್ಲವ್ವ. ಜಾರಿಲ್ಲ."

ಅಷ್ಟು ಸತ್ಯ. ಡಿಕ್ಕಿ ತೆರೆದೆ. ಸ್ಟೆಪ್ನಿ ಇತ್ತು. ಜಾಕಿ ಇರಬೇಕಾದ ಜಾಗದಲ್ಲಿ ಕಾರಿನ ಹಾರದಿಂದ ಉದುರಿದ ಒಂದು ಸೇವಂತಿಗೆ ಎಸಳು ಬಿದ್ದಿತ್ತು. ನಮ್ಮವರು ಬಂದು ನನ್ನ ಪಕ್ಕ ನಿಂತು ಅದನ್ನೇ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಅಷ್ಟರಲ್ಲಿ ಭಾವನ ಕಾರು ಬಂತು. ಭಾವ ಇಳಿದರು, ಸೀಳಿದ ಟೈರು ನೋಡಿದರು, ತಲೆಯಾಡಿಸಿದರು. ಅವರ ಡಿಕ್ಕಿಯಲ್ಲಿ ಜಾಕಿ, ಸ್ಪ್ಯಾನರ್ ಎಲ್ಲ ಇದ್ದವು. ಪೂಜೆ ಮಾಡಿಸಿಕೊಂಡು ವಾಪಸ್ ಬಂದು ಕೂತಿದ್ದವು! ಮೂರು ನಟ್ಟು ಬಿಚ್ಚಿದರು. ನಾಲ್ಕನೆಯದರ ಮೇಲೆ ಸ್ಪ್ಯಾನರ್ ಗಿರ್ರನೆ ತಿರುಗಿತು, ನಟ್ಟು ಅಲ್ಲಾಡಲಿಲ್ಲ.

"ಇದೇನ್ ಮಂಜುಳಾ ಇದು?"

"ಬೀಗದ ನಟ್ಟು ಭಾವ. ಕಳ್ಳರು ಬಿಚ್ಚಬಾರ್ದು ಅಂತ."

"ಕೀ ಎಲ್ಲಿ?"

"ದೇವರ ಮನೇಲಿ."

ಭಾವ ಸ್ಪ್ಯಾನರ್ ಕೆಳಗಿಟ್ಟರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಜಯಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಹೊಲದ ಕಡೆ ತಿರುಗಿದಳು. ಟ್ರಾಕ್ಟರಿನವನೂ ಇಳಿದು ಬಂದು ನೋಡಿ, "ಊರಲ್ಲಿ ಪಂಚರ್ ಅಂಗಡಿಯೋನು ಅವ್ನೆ ಅಕ್ಕಾ. ಆದ್ರೆ ಅವ್ನೂ ಸಾಮಾನೆಲ್ಲ ಪೂಜೆಗಿಟ್ಟು ನೆಂಟ್ರ ಮನೇಗೆ ಹೋಗವ್ನೆ" ಎಂದ. ಇಡೀ ಜಿಲ್ಲೆಯಲ್ಲಿ ನನ್ನ ಥರದ ಇನ್ನೊಬ್ಬ ಇದ್ದಾನೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಅವ್ವ ನಿಧಾನವಾಗಿ ಇಳಿದಳು. ಮಡಿಲಕ್ಕಿಯ ಚೀಲವನ್ನು ಎದೆಗವಚಿಕೊಂಡು ನನ್ನ ಹತ್ತಿರ ಬಂದಳು. ಅವಳು ನಗಲಿಲ್ಲ, ಬೈಯಲೂ ಇಲ್ಲ. ನೆತ್ತಿಗೇರಿದ ಬಿಸಿಲು ನೋಡಿದಳು.

"ಮಂಗಳಾರ್ತಿ ಹೊತ್ತಾಯ್ತದೆ ಕಣವ್ವ. ಅವ್ರ ಜೊತೆ ಹೋಗ್ಲಾ?"

ನನ್ನನ್ನು ಕೇಳಿ ಹೋಗಲು ನಿಂತಿದ್ದಳು! ಹೋಗುತ್ತೇನೆ ಎಂದು ಹೇಳಿ ಹತ್ತಿದ್ದರೆ ಕೋಪವಾದರೂ ಬರುತ್ತಿತ್ತು. "ಹೋಗವ್ವ" ಎಂದೆ. ಅವಳು ಭಾವನ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಜಯಕ್ಕ ಹಿಂದೆ ಸರಿದು ಜಾಗ ಬಿಟ್ಟುಕೊಟ್ಟಳು. ನಮ್ಮವರು ಅದೇ ಟ್ರಾಕ್ಟರ್ ಹತ್ತಿ ಗುಬ್ಬಿ ಕಡೆಗೆ ಹೊರಟರು. ಅಲ್ಲಿಂದ ಬಸ್ಸಿನಲ್ಲಿ ತುಮಕೂರಿಗೆ ಹೋಗಿ, ದೇವರಿಂದ ಕೀ ಇಸಿದುಕೊಂಡು ಬರಬೇಕು. ಬಾಳೆಕಂದುಗಳ ನಡುವೆ ನಿಂತು ಹೋಗುತ್ತಿದ್ದ ಅವರು ಉತ್ಸವಮೂರ್ತಿಯ ಹಾಗೆ ಕಂಡರು. ಕೈ ಮುಗಿಯಬೇಕೆನಿಸಿತು.

ವಾಲಿದ ಕಾರಿನಲ್ಲಿ ನಾನೂ ವಾಲಿ ಕೂತೆ. ಸಿಟ್ಟು ಯಾರ ಮೇಲೆ ಎಂದು ಹುಡುಕಿದೆ. ಅಂಗಡಿಯವನ ಮೇಲೆ ಬಂತು, ಚಪ್ಪಡಿ ಕಲ್ಲಿನ ಮೇಲೆ ಬಂತು, ಭಾವನ ಮೀಸೆಯ ಮೇಲಂತೂ ಧಾರಾಳವಾಗಿ ಬಂತು. ಎಲ್ಲ ಸುತ್ತಿ ಕೊನೆಗೆ ನನ್ನ ಹತ್ತಿರವೇ ಬಂದು ಕೂತಿತು. ಇದ್ದದ್ದರಲ್ಲೇ ಹೋಗಿದ್ದರೆ ಆಗುತ್ತಿರಲಿಲ್ಲವೇ? ಅವ್ವನಿಗೆ ಬೇಕಾಗಿದ್ದದ್ದು ಧೈರ್ಯ. ನಾನು ಕೊಂಡು ತಂದದ್ದು ರಬ್ಬರು.

ಬಿಸಿಲು ಇಳಿಯುವ ಹೊತ್ತಿಗೆ ಭಾವನ ಕಾರು ವಾಪಸ್ ಬಂದು ಪಕ್ಕದಲ್ಲಿ ನಿಂತಿತು. ನಾನು ಇಳಿದು ಅವ್ವನ ಕಿಟಕಿಯ ಹತ್ತಿರ ಹೋದೆ. ಅವ್ವನ ಹಣೆಯಲ್ಲಿ ದೊಡ್ಡ ಕುಂಕುಮ. ಮುಖದಲ್ಲಿ ಹರಕೆ ತೀರಿದ ನೆಮ್ಮದಿ. ಕಿಟಕಿಯಿಂದಲೇ ಕೈ ಚಾಚಿ ಪ್ರಸಾದ ಕೊಟ್ಟಳು.

"ಸರ್ಯಾಗಿ ಮಂಗಳಾರ್ತಿ ಹೊತ್ಗೆ ಹೋದ್ವಿ ಕಣೇ. ಒಂಚೂರು ಕುಲುಕಾಟ ಇಲ್ಲ, ಸದ್ದಿಲ್ಲ. ಕಟ್ಟೆ ಹತ್ರ ಕೆಸರಿತ್ತು, ಜಾರ್ನೇ ಇಲ್ಲ! ಟೈರು ಅಂದ್ರೆ ಹಂಗಿರ್ಬೇಕು."

ಭಾವ ಸ್ಟೀರಿಂಗ್ ಮೇಲಿಂದ ಬಗ್ಗಿ ಹಲ್ಲು ಕಿರಿದರು. "ಮೊನ್ನೆ ಹಾಕ್ಸಿದ್ದು ಅತ್ತೆ. ಸೆಕೆಂಡ್ಸು. ಶಿರಾ ಗೇಟ್ ಅಂಗಡಿಯೋನು ಫೋನ್ ಮಾಡಿ ಕರ್ದ. ಹೊಸಾದ್ರಂಗೆ ಅವೆ, ನಾಲ್ಕೂ ಚಕ್ರ ಕ್ಯಾಪ್ ಸಮೇತ. ಯಾವನೋ ಪೆದ್ದ ಬಿಚ್ಚಾಕ್‌ಬುಟ್ಟು ಹೋಗವ್ನಂತೆ ಮಂಜುಳಾ! ನಿನ್ ಕಾರಿಗೂ ಆಗಿರೋವು ನೋಡು. ಮೊದ್ಲೇ ಗೊತ್ತಿದ್ರೆ ನಿನಗೇ ಕೊಡಿಸ್ತಿದ್ದೆ."

"ಮುಂದ್ಲ ಸಲ ಇಂಥವೇ ಹಾಕ್ಸವ್ವ," ಎಂದಳು ಅವ್ವ.

"ಆಗ್ಲಿ ಅವ್ವ," ಎಂದೆ.

ಕಾರು ನಿಧಾನವಾಗಿ ಮುಂದೆ ಸರಿಯಿತು. ಹಿಂದಿನ ಎಡಗಡೆ ಚಕ್ರ ನನ್ನ ಕಾಲ ಹತ್ತಿರವೇ ಒಂದು ಸುತ್ತು ತಿರುಗಿತು. ಕ್ಯಾಪಿನಿಂದ ರಬ್ಬರಿನವರೆಗೆ ಒಂದೇ ಗೆರೆ. ಗಿಳಿಹಸಿರು.

ಪ್ರಸಾದ ಕೈಯಲ್ಲಿ ಹಿಡಿದು ನೋಡುತ್ತಲೇ ನಿಂತೆ. ಕೊನೆಗೂ ಅವ್ವ ನನ್ನ ಚಕ್ರಗಳ ಮೇಲೆಯೇ ಮನೆದೇವರಿಗೆ ಹೋಗಿ ಬಂದಿದ್ದಳು. ಎಲ್ಲೂ ಜಾರಿರಲಿಲ್ಲ. ಓಡಿಸಿದವರು ಮಾತ್ರ ಭಾವ.